ಪಿಎಚ್‌ಸಿ ವೈದ್ಯರಿಗೆ ಶುಗರ್, ಹಾರ್ಟ್ ವಿಷಯದಲ್ಲಿ ಯಾವ ಸರ್ಟಿಫಿಕೇಟ್ ಕೋರ್ಸ್ ಒಳ್ಳೆಯದು?

ಮೂಡಿಗೆರೆ ಕಡೆ ಪಿಎಚ್‌ಸಿ, ಒಪಿಡಿಯಲ್ಲಿ ಅರ್ಧಕ್ಕರ್ಧ ಬಿಪಿ-ಶುಗರಿನವರು, ಆನ್‌ಲೈನ್ ಕೋರ್ಸ್ ಸೇರಲಾ ಇಲ್ಲಾ ಭಾನುವಾರದ ಸಿಎಂಇಗಳಿಗೆ (ವೈದ್ಯರಿಗೆ ಹೊಸ ವಿಷಯ ತಿಳಿಸುವ ಉಪನ್ಯಾಸ) ಹೋದರೆ ಸಾಕಾ ಅಂತ ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ಓಡಾಡುತ್ತಿದ್ದೆ. ಸಕಲೇಶಪುರದ ಹತ್ತಿರ ನನ್ನದೊಂದು ಸಣ್ಣ ಕ್ಲಿನಿಕ್.

ಆ ಡಿಸೆಂಬರಿನ ಒಂದು ಭಾನುವಾರ ಹಾಸನದ ಹೋಟೆಲಿನಲ್ಲಿ ಸಿಎಂಇ. ವಿಷಯ, ಶುಗರ್ ಇರುವವರಿಗೆ ಎದೆನೋವೇ ಇಲ್ಲದೆ ಬರುವ ಹಾರ್ಟ್ ಅಟ್ಯಾಕ್. ಬಂದಿದ್ದ ಹೃದಯತಜ್ಞರು ಚೆನ್ನಾಗಿಯೇ ಹೇಳಿದರು. ವರ್ಷಗಟ್ಟಲೆ ಶುಗರ್ ಇದ್ದರೆ ನರ ಹಾಳಾಗಿ ನೋವು ಗೊತ್ತಾಗುವುದಿಲ್ಲ. ಬೆವರು, ಸುಸ್ತು, ಉಬ್ಬಸ, ಹೊಟ್ಟೆ ತೊಳಸುವುದು, ಅಷ್ಟೇ. ಹೆಂಗಸರಲ್ಲಿ ಇನ್ನೂ ಜಾಸ್ತಿ ಮೋಸ. ಎಲ್ಲ ಬರೆದುಕೊಂಡೆ. ಊಟ ಮಾಡಿದೆ, ಸರ್ಟಿಫಿಕೇಟ್ ಇಸ್ಕೊಂಡು ಬಂದೆ.

ಒಂಬತ್ತು ದಿನಕ್ಕೆ ಸರಿಯಾಗಿ, ಸಂಜೆ ಆರರ ಹೊತ್ತಿಗೆ, ಕಾಫಿ ಕುಯ್ಲಿಗೆ ಹೋಗುವ ಒಬ್ಬ ಹೆಂಗಸನ್ನು ಮಗ ಬೈಕಲ್ಲಿ ಕರೆತಂದ. ವಯಸ್ಸು ಐವತ್ತೆಂಟು. 14 ವರ್ಷದ ಶುಗರ್, ಅದಕ್ಕೆ ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಮಾತ್ರೆ. "ಏನಿಲ್ಲ ಡಾಕ್ಟ್ರೇ, ಗ್ಯಾಸು. ಮಧ್ಯಾಹ್ನ ಅವರೆಕಾಳು ಸಾರು ಜಾಸ್ತಿ ಆಯ್ತು" ಅಂದರು. ಆ ಚಳಿಯಲ್ಲಿ ರವಿಕೆಯ ಬೆನ್ನು ಒದ್ದೆ.

ಗ್ಲಿಮಿಪಿರೈಡ್ ಶುಗರನ್ನು ತೀರಾ ಇಳಿಸಿಬಿಡಬಹುದು, ಹಾಗಾಗಿ ಅದನ್ನು ತಗೊಳ್ಳುವವರು ಬೆವರಿದರೆ ಮೊದಲು ಶುಗರ್ ಇಳಿದಿರಬೇಕು ಅನ್ನಿಸುತ್ತದೆ. ಬೆರಳು ಚುಚ್ಚಿದೆ. 212. ಇಳಿದಿಲ್ಲ! ನನ್ನ ತಪ್ಪು ಇಲ್ಲೇ. ನಾನು ಅಂದುಕೊಂಡಿದ್ದು ಸುಳ್ಳಾಯಿತು, ಆದರೆ ಬೆವರು ಹಾಗೇ ಇತ್ತು. ಹಾಗಾದರೆ ಅದು ಎಲ್ಲಿಂದ ಬಂತು ಅಂತ ಕೇಳಿಕೊಳ್ಳಲೇ ಇಲ್ಲ. ಅವರು ಹೇಳಿದ ಗ್ಯಾಸನ್ನೇ ಹಿಡಿದುಕೊಂಡೆ. ಯಾವಾಗಲೂ 150 ಇರುತ್ತಿದ್ದ ಬಿಪಿ ಅವತ್ತು 110. ಅದನ್ನೂ ನೋಡಿ 'ಪರವಾಗಿಲ್ಲ, ಕಂಟ್ರೋಲಿಗೆ ಬಂದಿದೆ' ಅಂದುಕೊಂಡೆ. ಇಸಿಜಿ ಮಿಷನ್ ನಾಲ್ಕು ಅಡಿ ದೂರದಲ್ಲಿ ಟವೆಲ್ ಹೊದ್ದುಕೊಂಡು ಕೂತಿತ್ತು. ಪೇಪರ್ ರೋಲ್ ಮುಗಿದು ಮೂರು ದಿನವಾಗಿತ್ತು. ಎಷ್ಟೋ ವರ್ಷ ಪೇಪರ್ ಮೇಲೆ ತಪ್ಪು ಹಾಕಿಕೊಂಡು ಬಂದೆ. ನಿಜ ಹೇಳಬೇಕಂದ್ರೆ ಪೇಪರ್ ಇದ್ದಿದ್ದರೂ ಟವೆಲ್ ತೆಗೀತಿರಲಿಲ್ಲ. ಹಾಸನದಲ್ಲಿ ಕೇಳಿದ್ದು ಹಾಸನದಲ್ಲೇ ಉಳಿದಿತ್ತು. ಗ್ಯಾಸಿಗೆ ಕೊಡುವ ಪ್ಯಾಂಟೊಪ್ರಜೋಲ್ ಇಂಜೆಕ್ಷನ್ ಕೊಟ್ಟು, ಮಜ್ಜಿಗೆ ಕುಡೀರಿ ಅಂತ ಹೇಳಿ ಕಳಿಸಿದೆ.

ಎರಡನೇ ರಾತ್ರಿ ಉಸಿರು ಕಟ್ಟಿ ಹಾಸನಕ್ಕೆ ಒಯ್ದರು. ಅಟ್ಯಾಕ್ ಆಗಿ ಎರಡು ದಿನವಾಗಿದೆ ಅಂದರಂತೆ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ 12 ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಲಾಭ. ಆ ಹೊತ್ತು ಕಳೆದುಹೋಗಿತ್ತು. ಜೀವ ಉಳಿಯಿತು, ಹೃದಯದ ಪಂಪಿಂಗ್ ಶೇ. 35ಕ್ಕೆ ಇಳಿದು ನಿಂತಿತು. ಮುಂದೆ ಅವರು ಕಾಫಿ ಕುಯ್ಯಲಿಲ್ಲ. ನಾನು ಮಾಡಬೇಕಾಗಿದ್ದು ಏನು ಮಹಾ? ಹತ್ತು ನಿಮಿಷದೊಳಗೆ ಇಸಿಜಿ, ಅಗಿಯಲು ಆಸ್ಪಿರಿನ್, ಒಂದು ಆಂಬ್ಯುಲೆನ್ಸ್.

ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದಿದೆ, ತಾಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಸಿಗುತ್ತದೆ. ಆದರೆ ಮೊದಲು ಯಾರಾದರೂ ಇಸಿಜಿ ತೆಗೆಯಬೇಕಲ್ಲ! 2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ಟಿವಿಯಲ್ಲಿ ಓಡಿದಾಗ ಇಪ್ಪತ್ತೈದರ ಹುಡುಗರೆಲ್ಲ ನನ್ನ ಕ್ಲಿನಿಕ್ಕಿಗೆ ಇಸಿಜಿಗೆ ಬಂದರು. ಶುಗರ್ ಇರುವ ಹೆಂಗಸರು ಒಬ್ಬರೂ ಕೇಳಲಿಲ್ಲ.

ಹಾಗಾಗಿ 'ಯಾವ ಕೋರ್ಸ್' ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಕೇಳಿ ಬಂದ ಮಾರನೇ ದಿನ ಟೇಬಲ್ ಮೇಲೆ ಏನು ಬದಲಾಗುತ್ತದೆ ಅಂತ ನೋಡಿ. ಮುಂದಿನ ವರ್ಷ ನಾನು ಸಿಸಿಇಬಿಡಿಎಂ ಅನ್ನೋ ಶುಗರ್ ಚಿಕಿತ್ಸೆಯ ಸರ್ಟಿಫಿಕೇಟ್ ಕೋರ್ಸ್ ಸೇರಿದೆ. ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾ ಮತ್ತು ಚೆನ್ನೈನ ಡಾ. ಮೋಹನ್ಸ್ ಅಕಾಡೆಮಿಯವರು 2010ರಲ್ಲಿ ಶುರು ಮಾಡಿದ್ದು, ತಿಂಗಳಿಗೊಂದು ಕ್ಲಾಸ್. ನನಗೆ ಹಿಡಿಸಿದ್ದು ಪಾಠಕ್ಕಿಂತ ಮಧ್ಯದ ಆ ತಿಂಗಳು. ಮೊದಲ ಕ್ಲಾಸ್ ಮುಗಿಸಿ ಬಂದು ನನ್ನದೇ 20 ಶುಗರ್ ಕಾರ್ಡ್ ತೆಗೆದೆ. ಎಲ್ಲರೂ ನಲವತ್ತು ದಾಟಿದವರು. ಆ ವಯಸ್ಸಿನ ಶುಗರಿನವರಿಗೆ ಹೃದಯ ಕಾಪಾಡಲು ಕೊಡಬೇಕಾದ ಕೊಲೆಸ್ಟ್ರಾಲ್ ಮಾತ್ರೆ, ಸ್ಟ್ಯಾಟಿನ್, ಇದ್ದದ್ದು ಆರು ಜನಕ್ಕೆ. ಚಪ್ಪಲಿ ಬಿಡಿಸಿ ಪಾದ ನೋಡಿದ್ದು ಒಬ್ಬರದ್ದೂ ಇಲ್ಲ. ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾತ್ರ ಎಲ್ಲದರಲ್ಲೂ ಮುತ್ತು ಪೋಣಿಸಿದ ಹಾಗೆ ಬರೆದಿತ್ತು.

ಕಂಪನಿಯ ಸಿಎಂಇಗೆ ಹೋಗಬೇಡಿ ಅನ್ನಲ್ಲ, ನಾನೂ ಹೋಗ್ತೀನಿ, ಬಿರಿಯಾನಿ ಚೆನ್ನಾಗಿರುತ್ತೆ. 2025ರ ಮಾರ್ಚಿನಲ್ಲಿ ಪೇಟೆಂಟ್ ಮುಗಿದ ಮೇಲೆ ಎಂಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆ ಅಗ್ಗವಾಯಿತು, ಈಗ ದಿನಕ್ಕೊಬ್ಬ ಔಷಧ ಕಂಪನಿ ರೆಪ್ ಅದನ್ನೇ ಹೇಳ್ತಾನೆ. ಮಾತ್ರೆ ನಿಜಕ್ಕೂ ಒಳ್ಳೆಯದು. ಹೃದ್ರೋಗವೂ ಇರುವ ಶುಗರಿನವರ ಮೇಲೆ ನಡೆದ 2015ರ ಪರೀಕ್ಷೆಯಲ್ಲಿ ಹೃದಯದಿಂದಾಗುವ ಸಾವು ಶೇ. 38ರಷ್ಟು ಇಳಿದಿತ್ತು. ಆದರೆ ವಾಂತಿಯಾಗಿ ಊಟ ಬಿಟ್ಟ ದಿನ ಅದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಶುಗರ್ ಹೆಚ್ಚೇನೂ ಏರದಿದ್ದರೂ ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಅಪಾಯ) ಆಗಬಹುದು ಅಂತ ಯಾವ ರೆಪ್ ಕೂಡ ನನಗೆ ತಾನಾಗಿ ಹೇಳಿಲ್ಲ.

ಆನ್‌ಲೈನೋ ನೇರವೋ, ನಿಮ್ಮಿಷ್ಟ. ವೈದ್ಯರ ರಿಜಿಸ್ಟ್ರೇಷನ್ ರಿನ್ಯೂವಲ್‌ಗೆ ಐದು ವರ್ಷದಲ್ಲಿ 30 ಕ್ರೆಡಿಟ್ ಅವರ್ ಬೇಕಲ್ವಾ, ಫೀಸ್ ಕಟ್ಟುವ ಮೊದಲು ಕರ್ನಾಟಕ ಮೆಡಿಕಲ್ ಕೌನ್ಸಿಲ್ ಆ ಕೋರ್ಸಿಗೆ ಕ್ರೆಡಿಟ್ ಕೊಡುತ್ತಾ ಕೇಳಿಕೊಳ್ಳಿ. ಮತ್ತೆ ನಾಳೆ ಬೆಳಿಗ್ಗೆ ಹೋದ ತಕ್ಷಣ ನಿಮ್ಮ ಪಿಎಚ್‌ಸಿಯ ಇಸಿಜಿ ಮಿಷನ್‌ನಲ್ಲಿ ಪೇಪರ್ ಇದೆಯಾ, ಜೆಲ್ ಒಣಗಿದೆಯಾ ನೋಡಿ.