ಎಂಟು ಡಾಲರ್‌ಗೆ ಒಂದು ಸೆಂಟ್

ಪ್ರಶ್ನೆ: ಅಮೆರಿಕದ ರಾಜ್ಯಗಳು ಕಾಡುಪ್ರಾಣಿಗಳ ನೆಲೆ ಉಳಿಸೋಕೆ ದುಡ್ಡು ಎಲ್ಲಿಂದ ತರುತ್ತವೆ? ಬರೀ ಬೇಟೆ ಲೈಸೆನ್ಸ್‌ನಿಂದಲೇ ನಡೆಯುತ್ತಾ?

ಉತ್ತರ: ಲೈಸೆನ್ಸ್ ಹಣ ಇದೆ, ಅದೊಂದೇ ಅಲ್ಲ. 1937ರ ಕೇಂದ್ರ ಕಾಯ್ದೆಯಂತೆ ಬಂದೂಕು, ಗುಂಡುಗಳ ಮೇಲಿನ ತೆರಿಗೆ ರಾಜ್ಯಗಳಿಗೆ ಬರುತ್ತದೆ. ಯೋಜನೆಯ ಖರ್ಚಿನಲ್ಲಿ ಶೇ. 75ರವರೆಗೆ ಕೇಂದ್ರ ಕೊಟ್ಟರೆ ಉಳಿದದ್ದನ್ನು ರಾಜ್ಯವೇ ಹೊಂದಿಸಬೇಕು.

ಆದರೆ ನನಗೆ ತುಂಬಾ ಹಿಡಿಸಿದ್ದು ಮಿಸ್ಸೂರಿಯ ದಾರಿ. 1976ರಲ್ಲಿ ಅಲ್ಲಿನ ಜನ ತಾವೇ ಮತ ಹಾಕಿ ಒಂದು ಸಣ್ಣ ಮಾರಾಟ ತೆರಿಗೆ ಒಪ್ಪಿಕೊಂಡರು, ತೆರಿಗೆ ಬೀಳುವ ಎಂಟು ಡಾಲರ್ ಖರೀದಿಗೆ ಒಂದು ಸೆಂಟ್ ಅಷ್ಟೇ. ಒಂದು ಜೊತೆ ಚಪ್ಪಲಿ ಕೊಂಡವರೂ ಕಾಡಿಗೆ ಕೊಟ್ಟ ಹಾಗಾಯ್ತು, ಅಲ್ವಾ? ಅದನ್ನು ರಾಜ್ಯದ ಸಂವಿಧಾನದಲ್ಲೇ ಬರೆದಿಟ್ಟಿದ್ದಾರೆ, ಹಾಗಾಗಿ ಸರ್ಕಾರ ಬದಲಾದಾಗ ಸುಮ್ನೆ ಬೇರೆ ಕಡೆಗೆ ತಿರುಗಿಸೋಕೆ ಆಗಲ್ಲ. ಈ ಭದ್ರತೆ ಮೊತ್ತಕ್ಕಿಂತ ದೊಡ್ಡದು ಅನ್ನೋದು ನನ್ನ ಅಭಿಪ್ರಾಯ, ಯಾಕೆಂದರೆ ಒಂದು ಜೌಗು ನೆಲ ಮತ್ತೆ ಚೇತರಿಸಿಕೊಳ್ಳೋಕೆ ವರ್ಷಗಟ್ಟಲೆ ಬೇಕು, ನಡುವೆ ಅನುದಾನ ನಿಂತರೆ ಮಾಡಿದ್ದೆಲ್ಲ ನೀರುಪಾಲು.

ಮಿನ್ನೆಸೋಟಾ ಕೂಡ 2008ರಲ್ಲಿ ಇಂಥದ್ದೇ ತೆರಿಗೆ ತಂದಿತು. ಅದರ ಅವಧಿ 2034ರವರೆಗೆ. ಕೊಲೊರಾಡೊದಲ್ಲಿ ಲಾಟರಿ ಹಣ ಇದಕ್ಕೆ ಹೋಗುತ್ತದೆ.