ಎಕ್ಸ್‌ಟೆನ್ಷನ್ ಹಾಕಿದರೆ ಟಾರ್ಕ್ ಎಷ್ಟಕ್ಕೆ ಇಡಬೇಕು?

ಪ್ರಶ್ನೆ: ಸಾರ್, ತೋಟದ ಜೀಪಿನ ಪ್ರೊಪೆಲ್ಲರ್ ಶಾಫ್ಟ್ ನಟ್‌ಗಳಿಗೆ ಸಾಕೆಟ್ ಕೂರುವುದಿಲ್ಲ. ಅದಕ್ಕೆ ಹಳೆ ರಿಂಗ್ ಸ್ಪ್ಯಾನರ್ ಕತ್ತರಿಸಿ, ಟಾರ್ಕ್ ರೆಂಚ್ (ನಾವು ಇಟ್ಟಷ್ಟು ಟಾರ್ಕ್, ಅಂದರೆ ತಿರುಚುವ ಬಲ, ಬಿದ್ದಾಗ ಕಟ್ ಅನ್ನುವ ರೆಂಚ್) ಸಿಕ್ಕಿಸಲು ಚೌಕದ ತೂತಿನ ತುಂಡು ವೆಲ್ಡ್ ಮಾಡಿಸಿದ್ದೇನೆ. ಪುಸ್ತಕದಲ್ಲಿ 60 ನ್ಯೂಟನ್ ಮೀಟರ್ ಅಂತಿದೆ. ಇಲ್ಲಿನ ಮೆಕ್ಯಾನಿಕ್ ಎಕ್ಸ್‌ಟೆನ್ಷನ್ ಯಾವುದೇ ಇರಲಿ, ಸ್ವಲ್ಪ ಜಾಸ್ತಿ ಇಡಿ ಅಂತಾರೆ. ಸರಿನಾ?
– ಓದುಗರು, ಮೂಡಿಗೆರೆ

ಉತ್ತರ: ಸರಿಯಲ್ಲ, ನಿಮ್ಮ ವಿಷಯದಲ್ಲಂತೂ ಪೂರ್ತಿ ಉಲ್ಟಾ. ಕಮ್ಮಿ ಇಡಬೇಕು.

ಸಾಕೆಟ್‌ಗೂ ರೆಂಚ್‌ಗೂ ನಡುವೆ ಹಾಕುವ ನೆಟ್ಟನೆ ರಾಡ್ ಇದೆಯಲ್ಲ, ಅದಕ್ಕೆ ಲೆಕ್ಕವೇ ಬೇಡ. ಅದು ಬೋಲ್ಟಿನ ನೇರಕ್ಕೇ ನಿಂತಿರುತ್ತದೆ, ಮೇಲೆ ಕೊಟ್ಟ ಟಾರ್ಕೇ ಕೆಳಗೂ ತಲುಪುತ್ತದೆ, ರೆಂಚಿನ ತಲೆ ವಾಲದಂತೆ ಇನ್ನೊಂದು ಕೈಯಲ್ಲಿ ಹಿಡಿದುಕೊಂಡರೆ ಸಾಕು. ನಿಮ್ಮದು ಹಾಗಲ್ಲ. ಅದು ರೆಂಚಿನ ಉದ್ದವನ್ನೇ ಮುಂದಕ್ಕೆ ಬೆಳೆಸುತ್ತದೆ. ರೆಂಚ್ ಕಟ್ ಅನ್ನುವುದು ತನ್ನ ಚೌಕದ ತಲೆಗೆ ಬಿದ್ದ ಟಾರ್ಕ್ ನೋಡಿ, ಅದರಾಚೆ ಇರುವ ನಟ್ಟಿಗೆ ಎಷ್ಟು ಬಿತ್ತು ಅನ್ನೋದು ಅದಕ್ಕೆ ಗೊತ್ತಾಗಲ್ಲ.

ಒಂದು ಟೇಪ್ ತಗೊಳ್ಳಿ. ಚೌಕದ ನಡುವಿನಿಂದ ಹಿಡಿಯ ನಡುವಿಗೆ, ಅಂದರೆ ನಿಮ್ಮ ಕೈ ಕೂರುವ ಜಾಗಕ್ಕೆ ಅಳೆಯಿರಿ, 40 ಸೆಂ.ಮೀ. ಅಂದುಕೊಳ್ಳೋಣ. ಆಮೇಲೆ ಚೌಕದ ನಡುವಿನಿಂದ ನಟ್ಟಿನ ನಡುವಿಗೆ, ಅದು 10. ಎರಡೂ ಸೇರಿ 50. ಈಗ 60ನ್ನು 40ರಿಂದ ಗುಣಿಸಿ 50ರಿಂದ ಭಾಗಿಸಿ. ಬಂದದ್ದು 48, ರೆಂಚನ್ನು ಅಷ್ಟಕ್ಕೇ ಇಡಿ. ಸುಮ್ನೆ 60ಕ್ಕೇ ಇಟ್ಟು ಎಳೆದರೆ ನಟ್ಟಿಗೆ 75 ಬೀಳುತ್ತದೆ, ಮೆಕ್ಯಾನಿಕ್ ಮಾತು ಕೇಳಿದರೆ ಇನ್ನೂ ಜಾಸ್ತಿ. ಥ್ರೆಡ್ ಹೋದರೆ ಹೊಸ ಬೋಲ್ಟ್ ಹುಡುಕಿಕೊಂಡು ಚಿಕ್ಕಮಗಳೂರಿಗೆ ಓಡಬೇಕಾದೀತು!

ಈ ಲೆಕ್ಕ ತುಂಡು ರೆಂಚಿನ ನೇರಕ್ಕೆ ಮುಂದೆ ಚಾಚಿದ್ದಾಗ ಮಾತ್ರ. ಜಾಗ ಇದ್ದರೆ ಅದನ್ನು ರೆಂಚಿಗೆ ಅಡ್ಡಲಾಗಿ, ಎಲ್ ಆಕಾರ ಬರುವ ಹಾಗೆ ಸಿಕ್ಕಿಸಿ. ಆಗ 60ಕ್ಕೆ 60, ಏನೂ ಬದಲಾಯಿಸಬೇಕಿಲ್ಲ. ನನ್ನ ಕೇಳಿದರೆ ಮೊದಲು ಹೀಗೇ ಪ್ರಯತ್ನಿಸಿ.

ಇನ್ನೊಂದು ವಿಷಯ, ಭಾರ ಅಂತ ಹಿಡಿಗೆ ಪೈಪ್ ತೂರಿಸಬೇಡಿ. ಕೈ ಹಿಂದಕ್ಕೆ ಹೋದ ತಕ್ಷಣ ಆ 40 ಸುಳ್ಳಾಗುತ್ತದೆ, 48ಕ್ಕೆ ಅರ್ಥವಿಲ್ಲ. ವೆಲ್ಡಿಂಗ್‌ನಲ್ಲಿ ಕೂದಲಷ್ಟು ಬಿರುಕು ಕಂಡರೂ ಆ ಸ್ಪ್ಯಾನರ್ ಗುಜರಿಗೆ ಹಾಕಿ, ಎಳೆಯುವಾಗ ತುಂಡಾದರೆ ಕೈ ನೇರ ಚಾಸಿಗೆ ಬಡಿಯುತ್ತದೆ.

ಪ್ರಶ್ನೆ: ನಮ್ಮ ಹಳೆ ಟ್ರಾಕ್ಟರ್ ಪುಸ್ತಕದಲ್ಲಿ ಟಾರ್ಕ್ ಕೆಜಿ ಮೀಟರ್‌ನಲ್ಲಿದೆ, ರೆಂಚ್ ಮೇಲೆ ನ್ಯೂಟನ್ ಮೀಟರ್. ಏನು ಮಾಡಲಿ?
– ಓದುಗರು, ಸಕಲೇಶಪುರ

ಉತ್ತರ: 9.8ರಿಂದ ಗುಣಿಸಿ. 6 ಕೆಜಿ ಮೀಟರ್ ಅಂದರೆ ಸುಮಾರು 59. ಎಕ್ಸ್‌ಟೆನ್ಷನ್ ಲೆಕ್ಕ ಇದ್ದರೆ ಆಮೇಲೆ ಮಾಡಿ.