ಓದುಗರ ಪ್ರಶ್ನೆ: ರಿಮೈಂಡರ್‌ಗಳೆಲ್ಲ ಒಂಬತ್ತಕ್ಕೇ ಯಾಕೆ?

ಪ್ರಶ್ನೆ: ಮನೆ ಡೊಂಬಿವಲಿ, ಆಫೀಸು ಮುಂಬೈನ ಫೋರ್ಟ್. ಮಾಡಬೇಕಾದ್ದನ್ನೆಲ್ಲ ಗೂಗಲ್ ಟಾಸ್ಕ್ಸ್‌ನಲ್ಲಿ ಬರೆದಿಡುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಆರೇಳು ರಿಮೈಂಡರ್ ಒಟ್ಟಿಗೆ ಬರುತ್ತವೆ, ಆಮೇಲೆ ಇಡೀ ದಿನ ಸದ್ದಿಲ್ಲ. ಬೇರೆ ಆ್ಯಪ್ ಹಾಕಿಕೊಳ್ಳಲೇ?

ಉತ್ತರ: ಬೇಡ. ತಾರೀಕು ಹಾಕಿ ಗಂಟೆ ಹಾಕದೆ ಬಿಟ್ಟ ಕೆಲಸವನ್ನು ಟಾಸ್ಕ್ಸ್ ಬೆಳಿಗ್ಗೆ 9ಕ್ಕೇ ನೆನಪಿಸುತ್ತದೆ. ಆ ಹೊತ್ತಿಗೆ ನೀವು ಫಾಸ್ಟ್ ಲೋಕಲ್‌ನಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತಿರುತ್ತೀರಿ. ಹೆಬ್ಬೆರಳಿನಿಂದ ಎಲ್ಲವನ್ನೂ ಪಕ್ಕಕ್ಕೆ ತಳ್ಳಿದಿರೋ, ಅಲ್ಲಿಗೆ ಮುಗಿಯಿತು.

ಕೆಲಸವನ್ನು ತೆರೆದು ತಾರೀಕು ಒತ್ತಿ. ಅಲ್ಲೇ ‘ಸೆಟ್ ಟೈಮ್’ ಸಿಗುತ್ತದೆ. ಕೆಲಸ ನಿಜಕ್ಕೂ ಮಾಡಲಾಗುವ ಹೊತ್ತನ್ನು ಕೊಡಿ: ಬ್ಯಾಂಕಿಗೆ ಫೋನ್ 11ಕ್ಕೆ, ಸೊಸೈಟಿ ಮೇಂಟೆನೆನ್ಸ್ ಊಟದ ಬಿಡುವಿನ 1.30ಕ್ಕೆ, ಔಷಧಿ ತರುವುದು ಸಂಜೆ ರೈಲಿಳಿಯುವ ಸಮಯಕ್ಕೆ. ಗಡುವಿಲ್ಲದ ಕೆಲಸಕ್ಕೆ ತಾರೀಕೇ ಬೇಡ. ಎಲ್ಲಕ್ಕೂ ‘ಇವತ್ತು’ ಎಂದು ಹಾಕಿದರೆ ಬಾಕಿ ಕೆಂಪಕ್ಷರದಲ್ಲಿ ಬೆಳೆಯುತ್ತಾ ಹೋಗುತ್ತದೆ, ನಾಲ್ಕು ದಿನದಲ್ಲಿ ಕಣ್ಣು ಆ ಕೆಂಪನ್ನು ಲೆಕ್ಕಕ್ಕೇ ಇಡುವುದಿಲ್ಲ. ಅಂಥವನ್ನು ‘ಆಮೇಲೆ’ ಎಂಬ ಬೇರೆ ಪಟ್ಟಿಗೆ ಸಾಗಿಸಿ, ಭಾನುವಾರ ಒಮ್ಮೆ ತೆರೆದು ಮೂರ್ನಾಲ್ಕನ್ನು ಆರಿಸಿಕೊಳ್ಳಿ.

ಬರೆಯುವ ರೀತಿಯೂ ಮುಖ್ಯ. ‘ಗೀಸರ್’ ಎಂದಷ್ಟೇ ಬರೆದರೆ ಅದು ತಿಂಗಳುಗಟ್ಟಲೆ ಅಲ್ಲೇ ಕೂರುತ್ತದೆ. ‘ಗೀಸರ್ ಬಿಲ್ ಹುಡುಕು’, ‘ಸರ್ವಿಸ್‌ನವರಿಗೆ ಫೋನ್’ ಎಂದು ಎರಡು ಸಬ್‌ಟಾಸ್ಕ್ ಮಾಡಿದರೆ ಕೈ ಹಾಕುವುದು ಸುಲಭ.

ಗಂಟೆ ಹಾಕಿದ ಮೇಲೂ ರಿಮೈಂಡರ್ ತಡವಾದರೆ ಫೋನಿನ ಬ್ಯಾಟರಿ ಉಳಿತಾಯದ ಮೇಲೆ ಅನುಮಾನಪಡಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಆ್ಯಪ್ಸ್‌ನಲ್ಲಿ ಟಾಸ್ಕ್ಸ್ ತೆರೆದು, ಬ್ಯಾಟರಿಯಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ಕೆಲವು ಕಂಪನಿಯ ಫೋನುಗಳಲ್ಲಿ ‘ಆಟೋಸ್ಟಾರ್ಟ್’ ಅನ್ನೂ ಆನ್ ಮಾಡಬೇಕಾಗುತ್ತದೆ.

ಪ್ರಶ್ನೆ: ಮೂರು ತಿಂಗಳಿಗೊಮ್ಮೆ ನೀರಿನ ಫಿಲ್ಟರ್ ಬದಲಿಸಲು ಕೆಲಸದ ಪಟ್ಟಿಯ ಆ್ಯಪ್ ಟೊಡೊಯಿಸ್ಟ್‌ನಲ್ಲಿ ಹಾಕಿದ್ದೇನೆ. ತಡವಾಗಿ ಬದಲಿಸಿದರೂ ಮುಂದಿನ ತಾರೀಕು ಹಳೇ ಲೆಕ್ಕದಲ್ಲೇ ಬರುತ್ತದಲ್ಲ? (ಕೋಥ್ರೂಡ್, ಪುಣೆ)

ಉತ್ತರ: ‘ಎವ್ರಿ 3 ಮಂತ್ಸ್’ ಎಂದರೆ ಮೊದಲು ಕೊಟ್ಟ ತಾರೀಕಿನಿಂದಲೇ ಎಣಿಕೆ. ಇಂಗ್ಲಿಷ್‌ನಲ್ಲಿ ಟೈಪ್ ಮಾಡುವಾಗ ‘ಎವ್ರಿ’ಗೆ ಅಂಟಿಕೊಂಡಂತೆ ಒಂದು ಆಶ್ಚರ್ಯಸೂಚಕ ಹಾಕಿ: ‘ಎವ್ರಿ! 3 ಮಂತ್ಸ್’. ಆಗ ಟಿಕ್ ಮಾಡಿದ ದಿನದಿಂದ ಎಣಿಸುತ್ತದೆ. ಜನವರಿ 5ರದ್ದನ್ನು 25ಕ್ಕೆ ಮುಗಿಸಿದರೆ ಮುಂದಿನದು ಏಪ್ರಿಲ್ 25. ಬಾಡಿಗೆ, ಇಎಂಐಗೆ ಮಾತ್ರ ಈ ಚಿಹ್ನೆ ಹಾಕಲೇಬೇಡಿ. ಒಮ್ಮೆ ಮೂರು ದಿನ ತಡವಾದರೆ ಮುಂದಿನ ಕಂತಿನ ತಾರೀಕೂ ಮೂರು ದಿನ ಜಾರುತ್ತದೆ.

ಪ್ರಶ್ನೆ: ಮಾಪ್ಸಾದ ಶುಕ್ರವಾರದ ಸಂತೆಗೆ ನಾನೂ ಮನೆಯವರೂ ಒಂದೇ ಪಟ್ಟಿ ಇಟ್ಟುಕೊಳ್ಳುವುದು ಹೇಗೆ? (ಗೋವಾ)

ಉತ್ತರ: ಅದಕ್ಕೆ ಟಿಪ್ಪಣಿ ಬರೆಯುವ ಆ್ಯಪ್ ಗೂಗಲ್ ಕೀಪ್ ಸಾಕು. ಚೆಕ್‌ಬಾಕ್ಸ್ ಇರುವ ನೋಟ್ ಮಾಡಿ, ‘ಕೊಲಾಬರೇಟರ್’ ಒತ್ತಿ ಅವರ ಜಿಮೇಲ್ ಸೇರಿಸಿ. ಒಬ್ಬರ ಟಿಕ್ ಇನ್ನೊಬ್ಬರಿಗೆ ಕಾಣಬೇಕಾದರೆ ಇಬ್ಬರಿಗೂ ನೆಟ್ ಬೇಕು. ಗದ್ದಲದಲ್ಲಿ ಸಿಗ್ನಲ್ ಕೈಕೊಟ್ಟರೆ ಎರಡೆರಡು ಕಿಲೋ ಈರುಳ್ಳಿ ಮನೆಗೆ ಬರುತ್ತದೆ. ತರಕಾರಿ ಒಂದು ನೋಟ್, ಮೀನು ಇನ್ನೊಂದು ಎಂದು ಮೊದಲೇ ಪಾಲು ಮಾಡಿಕೊಂಡು ಹೊರಡಿ.